ಮೇಷ್ಟ್ರ ಮಗಳ ಮೊದಲ ರಿವಾಲ್ವರ್

ಕೊಡಗಿನ ಆಯುಧಪೂಜೆ ಕೈಲ್ ಮುಹೂರ್ತ ಮುಗಿದು ನಾಲ್ಕು ದಿನವಾಗಿತ್ತು. ದೇವರ ಕೋಣೆಯಲ್ಲಿ ತೋಕ್ ಪೂ, ಅಂದರೆ ಕೋವಿ ಹೂವು, ಮುಡಿದು ಕೂತಿದ್ದ ಅಪ್ಪನ ಕಾಲದ ಜೋಡು ನಳಿಗೆ ಕೋವಿಯನ್ನು ಹೊರಗೆ ತಂದು, ಜಗಲಿಯಲ್ಲಿ ಹಳೇ ಪಂಚೆ ಹಾಸಿ ಎಣ್ಣೆ ಒರೆಸುತ್ತಿದ್ದೆ. ದಾಸವಾಳದ ಬೇಲಿಯಾಚೆ ಮೇಷ್ಟ್ರು ಬಂದು ನಿಂತರು. ಲೆಕ್ಕದ ಮೇಷ್ಟ್ರು, ರಿಟೈರಾಗಿ ಹತ್ತು ವರ್ಷ ಆಯಿತು. ಬೇಲಿಯ ಹತ್ತಿರ ಬಂದರೆ ಹವೆ, ಕಾಫಿ ರೇಟು, ಆಮೇಲೆ ವಿಷಯ. ಅದು ಅವರ ಕ್ರಮ. ಅವತ್ತು ನೇರ ವಿಷಯಕ್ಕೇ ಬಂದರು.

“ನಮ್ಮ ಹುಡುಗಿ ಕೋವಿ ತಗೊಳ್ತಾಳಂತೆ.”

“ಯಾವ ಕೋವಿ?”

“ರಿವಾಲ್ವರ್. ದೊಡ್ಡ ಕ್ಯಾಲಿಬರ್‌ದು ಬೇಕಂತೆ. ನೀವು ಅಲ್ಲೇ ಇದ್ದವರಲ್ವಾ, ಯಾವುದು ಒಳ್ಳೇದು ಅಂತ ಕೇಳಿ ಹೇಳಿ ಅಂದ್ಳು. ನಂಗೆ ರಾತ್ರಿಯಿಂದ ನಿದ್ರೆ ಇಲ್ಲ.”

ಹುಡುಗಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿದ್ದಾಳೆ. ಹೊಳೆಗಳ ನೀರು ಅಳೆಯುವ ಕೆಲಸ. ಬೇಸಿಗೆ ಬಂತೆಂದರೆ ವಾರಗಟ್ಟಲೆ ಕಾಡಿನ ಹೊಳೆದಂಡೆಯಲ್ಲಿ ಟೆಂಟು. ಸಾಲ್ಮನ್ ಮೀನು ಹೊಳೆ ಹತ್ತುವ ಕಾಲಕ್ಕೇ ಕಂದು ಕರಡಿಗಳೂ ಅದೇ ದಂಡೆಗೆ ಇಳಿಯುತ್ತವೆ. ನಾನು ಆ್ಯಂಕರೇಜ್‌ನಲ್ಲಿ ಹದಿನೆಂಟು ವರ್ಷ ಇದ್ದು ಬಂದವನು. ಅಲ್ಲಿ ಸೊಂಟದಲ್ಲೋ ಎದೆಯ ಮೇಲೋ ರಿವಾಲ್ವರ್ ಕಟ್ಟಿಕೊಂಡು ಗಾಳ ಹಾಕುವವರನ್ನು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ತೋಟಕ್ಕೆ ಹೋಗುವವರ ಕೈಯಲ್ಲಿ ಕತ್ತಿ ಇದ್ದ ಹಾಗೆ.

ಮೊದಲು ಕೇಳಬೇಕಾದದ್ದನ್ನೇ ಕೇಳಿದೆ. “ಅವಳದ್ದು ವೀಸಾನಾ, ಗ್ರೀನ್ ಕಾರ್ಡಾ?”

“ಗ್ರೀನ್ ಕಾರ್ಡ್ ಆಗಿ ಎರಡು ವರ್ಷ ಆಯ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?”

ತುಂಬ ಸಂಬಂಧ ಇದೆ. ಎಚ್-1ಬಿ, ವಿದ್ಯಾರ್ಥಿ ವೀಸಾಗಳಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು, ಅಂಥವೇ ಇನ್ನೂ ಕೆಲವು. ಅಂಗಡಿಗಳಲ್ಲಿ ಕೋವಿಗಳು ತೂಗುಹಾಕಿರುವುದನ್ನು ಕಂಡು ಅಲ್ಲಿ ಯಾರು ಬೇಕಾದರೂ ಕೊಳ್ಳಬಹುದು ಅಂದುಕೊಳ್ಳುವ ನಮ್ಮ ಹುಡುಗರಿದ್ದಾರೆ. ಗೊತ್ತಿಲ್ಲದೆ ಮಾಡಿದ ಒಂದು ಕೆಲಸಕ್ಕೆ ವೀಸಾವೂ ಹೋಗಿ ಜೈಲೂ ಆಗಬಹುದು. ಗ್ರೀನ್ ಕಾರ್ಡಿನವರಿಗೆ ಆ ತೊಡಕಿಲ್ಲ. 21 ತುಂಬಿರಬೇಕು, ಅಂಗಡಿಯಲ್ಲಿ ಅರ್ಜಿ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು, ಅಷ್ಟೆ.

ಮೇಷ್ಟ್ರಿಗೆ ಸ್ವಲ್ಪ ಸಮಾಧಾನವಾಯಿತು. “ಇಲ್ಲಿಗೆ ಬರುವಾಗ ತರಬಹುದಾ?” ಅಂದರು. ಆ ಯೋಚನೆಯೇ ಬೇಡ ಅಂದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಬಂದ ಕೋವಿ ಲೈಸೆನ್ಸಿನ ವಿನಾಯಿತಿ ನಮ್ಮ ಜಿಲ್ಲೆಯದು, ವಿಮಾನದಲ್ಲಿ ರಿವಾಲ್ವರ್ ಹೊತ್ತು ತರುವುದಕ್ಕೆ ಕೊಟ್ಟದ್ದಲ್ಲ. ಇಲ್ಲಿ ಜನ ಕಂಡ ರಿವಾಲ್ವರ್ ಅಂದರೆ ಹೆಚ್ಚಾಗಿ ಕಾನ್ಪುರದ .32. ಮಗಳು ಕೇಳುತ್ತಿರುವ ಜಾತಿಯ ಗುಂಡು ಅದರ ಗುಂಡಿಗಿಂತ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ.

“ಅಷ್ಟು ದೊಡ್ಡದು ಯಾಕೆ?”

ಕರಡಿ ಯಾಕೆ ಅಷ್ಟು ದೊಡ್ಡದು ಅಂತ ಕೇಳಿದ ಹಾಗಾಯಿತು ಅದು. ಇಲ್ಲಿ ನಾವು ಕಾಣುವ ಕರಿ ಕರಡಿಯಲ್ಲ. ಅಲಾಸ್ಕಾದ ಕರಾವಳಿಯ ಗಂಡು ಕಂದು ಕರಡಿ ಐನೂರು ಕಿಲೋ ದಾಟುವುದೂ ಉಂಟು. ಅಷ್ಟು ಮಾಂಸ, ಕೊಬ್ಬು, ಎಲುಬು ದಾಟಿ ಗುಂಡು ಒಳಗೆ ಇಳಿಯಬೇಕು. 1955ರಲ್ಲಿ .44 ಮ್ಯಾಗ್ನಮ್ ಹುಟ್ಟಿದ್ದರ ಹಿಂದೆ ಐಡಾಹೋದ ಎಲ್ಮರ್ ಕೀತ್ ಎಂಬ ರೈತನ ಹಠ ಇತ್ತು. ದನ ಸಾಕಿ, ಬೇಟೆಯಾಡಿ, ಪತ್ರಿಕೆಗಳಿಗೆ ಬರೆಯುತ್ತಿದ್ದ ಮನುಷ್ಯ. ಹಳೇ .44 ಸ್ಪೆಷಲ್ ತೋಟಾಕ್ಕೆ ಹೆಚ್ಚು ಮಸಿ ತುಂಬಿ ಎಷ್ಟೋ ವರ್ಷ ತಾನೇ ಪರೀಕ್ಷೆ ಮಾಡಿ, ಇದನ್ನು ತಯಾರಿಸಿ ಅಂತ ಕಂಪನಿಗಳ ಬೆನ್ನು ಬಿದ್ದಿದ್ದ. ಆಮೇಲೆ 1971ರ ‘ಡರ್ಟಿ ಹ್ಯಾರಿ’ ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದದ್ದೇ ಹಿಡಿದದ್ದು, ಊರಿಗೆಲ್ಲ ಗೊತ್ತಾಯಿತು.

“.44 ಅಂದ್ರೆ ಇಂಚಿನ ನೂರರಲ್ಲಿ ನಲವತ್ತನಾಲ್ಕು ಭಾಗ?” ಅಂದರು ಮೇಷ್ಟ್ರು. ಲೆಕ್ಕ ಬಂದರೆ ಅವರ ಮುಖವೇ ಬೇರೆ.

“ಹೆಸರಿಗೆ ಹಾಗೆ. ಗುಂಡಿನ ನಿಜವಾದ ಅಡ್ಡಳತೆ 0.429. ತೂಕ ಹದಿನೈದೂವರೆ ಗ್ರಾಮ್, ವೇಗ ಸೆಕೆಂಡಿಗೆ 400 ಮೀಟರಿಗೂ ಮೇಲೆ.”

ಅವರು ಸುಮ್ಮನೆ ತಲೆಯಾಡಿಸಿದರು. ಮನಸ್ಸಿನಲ್ಲೇ ಗುಣಾಕಾರ ನಡೆಯುತ್ತಿತ್ತು.

ನನ್ನದೇ ಕಥೆಯನ್ನು ಹೇಳಿದ್ದು ಆಗ. ಅಲಾಸ್ಕಾಕ್ಕೆ ಹೋದ ಹೊಸತು. ದೊಡ್ಡದು ಬೇಕು, ಇನ್ನೂ ದೊಡ್ಡದು ಬೇಕು ಅನ್ನುವ ಆಸೆ. .44 ಬಿಟ್ಟು ಅದಕ್ಕೂ ಜಬರದಸ್ತಾದ .454 ಕಸುಲ್ ಕೊಂಡೆ. ಮೊದಲ ದಿನ ಐದು ಈಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಸುಲಿದಿತ್ತು. ಎರಡನೇ ಸಲ ಹೋದಾಗ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಮೂರನೇ ಸಲ ಹೋಗಲೇ ಇಲ್ಲ. ಒಂದು ವರ್ಷ ಅದು ಪೆಟ್ಟಿಗೆಯಲ್ಲೇ ಕೂತಿತು. ಅಪ್ಪನ ಕೋವಿಯಲ್ಲಿ ತೆಂಗಿನಕಾಯಿ ಉರುಳಿಸಿ ಬೆಳೆದವನು ನಾನು, ಒದೆತ ಅಂದರೆ ಏನೆಂದು ಗೊತ್ತಿದ್ದವನು. ಆದರೆ ಕೋವಿ ಒದ್ದರೆ ಹೆಗಲು ತಗೊಳ್ಳುತ್ತದೆ, ಇಡೀ ಮೈ ಹಿಂದೆ ನಿಲ್ಲುತ್ತದೆ. ರಿವಾಲ್ವರ್ ಒದ್ದರೆ ಮಣಿಕಟ್ಟಿಗೆ ಯಾರೂ ದಿಕ್ಕಿಲ್ಲ.

ಆ ವರ್ಷ ಆದ ನಷ್ಟ ದುಡ್ಡಿನದ್ದಲ್ಲ. ಬೆಚ್ಚುವ ಅಭ್ಯಾಸ ಮೈಗೆ ಹತ್ತಿತ್ತು, ಬಿಡಿಸಿಕೊಳ್ಳಲು ಎರಡು ಬೇಸಿಗೆ ಬೇಕಾಯಿತು. ಮೊದಲ ದೊಡ್ಡ ರಿವಾಲ್ವರ್ ತಗೊಳ್ಳುವವರು ಯಾರೇ ಕೇಳಿದರೂ ನಾನು ಹೇಳುವುದು ಇದೊಂದನ್ನೇ: ನೀನು ವಾರವಾರ ಇಷ್ಟಪಟ್ಟು ಹೊಡೆಯಬಲ್ಲದ್ದನ್ನು ತಗೊ. ಹೊಡೆಯಲು ಹೆದರುವ ಕೋವಿ ಕರಡಿಯ ಎದುರು ಕೆಲಸಕ್ಕೆ ಬರುವುದಿಲ್ಲ.

“ಹಾಗಾದ್ರೆ ಚಿಕ್ಕದು ತಗೊ ಅನ್ನೋದಾ?”

ಅಲ್ಲ. .44 ಮ್ಯಾಗ್ನಮ್ಮೇ ತಗೊಳ್ಳಲಿ, ಆದರೆ ಮೊದಲ ತಿಂಗಳುಗಳಲ್ಲಿ ಅದಕ್ಕೆ ಮ್ಯಾಗ್ನಮ್ ತೋಟಾ ಹಾಕುವುದೇ ಬೇಡ. ಕೀತ್ ಮಸಿ ತುಂಬಿದನಲ್ಲ, ಆ ಹಳೇ .44 ಸ್ಪೆಷಲ್, 1907ರ ತೋಟಾ, ಮ್ಯಾಗ್ನಮ್ಮಿನ ಉರುಳೆಯಲ್ಲಿ ಸಲೀಸಾಗಿ ಕೂರುತ್ತದೆ. ಗುಂಡಿನ ಅಡ್ಡಳತೆ ಅದೇ, ತೋಟಾದ ಉದ್ದ ಮಾತ್ರ ತುಸು ಕಡಿಮೆ. ವೇಗ ಸೆಕೆಂಡಿಗೆ ಸುಮಾರು 230 ಮೀಟರ್. ಅಷ್ಟು ಭಾರದ ರಿವಾಲ್ವರ್‌ನಲ್ಲಿ ಅದನ್ನು ಹೊಡೆದರೆ ಕೈಗೆ ಮೆತ್ತಗೆ ತಳ್ಳಿದ ಹಾಗೆ ಅನ್ನಿಸುತ್ತದೆ. ತಿರುಗುಮುರುಗು ಮಾತ್ರ ಆಗದು: ಸ್ಪೆಷಲ್‌ಗೆ ಮಾಡಿದ ರಿವಾಲ್ವರ್‌ಗೆ ಮ್ಯಾಗ್ನಮ್ ತೋಟಾ ತುರುಕಬಾರದು, ಅದು ಉದ್ದಕ್ಕಾಗಿ ಕೂರುವುದೂ ಇಲ್ಲ. .357 ಮ್ಯಾಗ್ನಮ್‌ಗೂ .38 ಸ್ಪೆಷಲ್‌ಗೂ ಇದೇ ನಂಟು, .454ಗೂ ಹಳೇ .45 ಕೋಲ್ಟ್‌ಗೂ ಇದೇ ನಂಟು. ಆ ಕಸುಲ್‌ಗೆ .45 ಕೋಲ್ಟ್ ಹಾಕಿ ಕಲಿಯೋ ಅಂತ ನನಗೆ ಅವತ್ತು ಒಬ್ಬರು ಹೇಳಿದ್ದರೆ ಸಾಕಿತ್ತು.

“ಭಾರ ಎಷ್ಟು ಬರುತ್ತೆ? ಅವಳು ಹೊರೋದು ಬೇಡ್ವಾ, ಬೆನ್ನಿಗೆ ಬೇರೆ ಚೀಲ.”

ಎಲ್ಲರೂ ಎಡವುವುದು ಇಲ್ಲೇ. ನಾಲ್ಕಿಂಚಿನ ನಳಿಗೆಯ ಸ್ಮಿತ್ ಅಂಡ್ ವೆಸನ್ 629, ರೂಗರ್ ರೆಡ್‌ಹಾಕ್ ಇಂಥವು ಒಂದು ಕಿಲೋ ಇನ್ನೂರು, ಮುನ್ನೂರು ಗ್ರಾಮ್ ತೂಗುತ್ತವೆ. ಅದೇ .44ರಲ್ಲಿ ಹಗುರ ಲೋಹದ ರಿವಾಲ್ವರ್‌ಗಳೂ ಸಿಗುತ್ತವೆ, ಮುಕ್ಕಾಲು ಕಿಲೋಗೂ ಕಡಿಮೆ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಹೂವು. ಈಡು ಹೊಡೆದರೆ?

ಮೇಷ್ಟ್ರು ಉತ್ತರ ಆಗಲೇ ಮಾಡಿ ಮುಗಿಸಿದ್ದರು. “ಗುಂಡು ಅದೇ, ಕೋವಿಯ ತೂಕ ಅರ್ಧ ಅಂದ್ರೆ ಹಿಂದಕ್ಕೆ ಬರೋ ವೇಗ ದುಪ್ಪಟ್ಟು. ಶಕ್ತಿಯೂ ದುಪ್ಪಟ್ಟು.”

ನಲವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು. ಇನ್ನೊಂದು ತೊಂದರೆ ಆ ಲೆಕ್ಕದಲ್ಲಿ ಕಾಣದು. ಹಗುರ ರಿವಾಲ್ವರ್ ಜೋರಾಗಿ ಹಿಂದಕ್ಕೆ ಜಿಗಿದಾಗ ಉರುಳೆಯಲ್ಲಿ ಉಳಿದ ತೋಟಾಗಳ ಗುಂಡುಗಳು ನಿಂತಲ್ಲೇ ನಿಲ್ಲಲು ನೋಡಿ, ತಮ್ಮ ಹಿತ್ತಾಳೆ ಕವಚದಿಂದ ಚೂರು ಚೂರೇ ಮುಂದೆ ಸರಿಯುತ್ತವೆ. ಒಂದು ಗುಂಡಿನ ಮೂತಿ ಉರುಳೆಯಿಂದ ಹೊರಗೆ ಇಣುಕಿದರೂ ಸಾಕು, ಉರುಳೆ ತಿರುಗದೆ ಕಚ್ಚಿಕೊಳ್ಳುತ್ತದೆ. ರಿವಾಲ್ವರ್ ಯಾವತ್ತೂ ಸಿಕ್ಕಿಕೊಳ್ಳುವುದಿಲ್ಲ ಅಂತ ಹೇಳುವವರಿಗೆ ಇದು ಗೊತ್ತಿರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಭಾರದ್ದೇ ಇರಲಿ. ಸೊಂಟಕ್ಕೆ ಕಟ್ಟಿದರೆ ಚೀಲದ ಪಟ್ಟಿಗೆ ತಾಗುತ್ತದೆ, ಎದೆಯ ಮೇಲೆ ಕಟ್ಟುವ ಚರ್ಮದ ಒರೆ ತಗೊಳ್ಳಲಿ. ಹೊಳೆಯಲ್ಲಿ ಸೊಂಟಮಟ್ಟ ಇಳಿದರೂ ನೆನೆಯುವುದಿಲ್ಲ.

2003ರಲ್ಲಿ ಬಂದ .500 ಮ್ಯಾಗ್ನಮ್ ಕಥೆಯನ್ನೂ ಅವಳ ಸ್ನೇಹಿತರು ಹೇಳಿದ್ದಾರಂತೆ. ಐದೇ ತೋಟಾ, ಉದ್ದ ನಳಿಗೆಯದ್ದು ಎರಡು ಕಿಲೋ. ಮೊದಲ ರಿವಾಲ್ವರ್ ಆಗಿ ಅದು ಯಾರಿಗೂ ಬೇಡ.

ಅಭ್ಯಾಸದ ಮಾತು ಬಂದಾಗ ನಾನು ಕೋವಿ ಕೆಳಗಿಟ್ಟು ಬೇಲಿಯ ಹತ್ತಿರವೇ ಹೋದೆ. ಇದು ಸರಿಯಾಗಿ ತಲುಪಬೇಕಿತ್ತು. ಶೂಟಿಂಗ್ ರೇಂಜಿನಲ್ಲಿ ಅನುಭವಿಯೊಬ್ಬರು ಜೊತೆಗಿರಬೇಕು. ಉರುಳೆ ತುಂಬುವುದು ಅವರೇ: ಆರು ಮನೆಗಳಲ್ಲಿ ಮೂರಕ್ಕೋ ನಾಲ್ಕಕ್ಕೋ ತೋಟಾ, ಉಳಿದದ್ದು ಖಾಲಿ. ಯಾವುದು ಖಾಲಿ ಅಂತ ಹುಡುಗಿಗೆ ಹೇಳಬಾರದು. ಅವಳು ಗುರಿಯಿಟ್ಟು ಟ್ರಿಗರ್ ಎಳೆಯುತ್ತಾಳೆ. ಢಮ್. ಮತ್ತೆ ಎಳೆಯುತ್ತಾಳೆ. ಟಕ್, ಖಾಲಿ. ಆ ‘ಟಕ್’ ಆದಾಗ ನಳಿಗೆಯ ತುದಿ ಕೆಳಗೆ ಕುಸಿಯಿತೋ, ಅವಳ ಕೈ ಬಾರದ ಒದೆತಕ್ಕೆ ಮೊದಲೇ ಬೆಚ್ಚುತ್ತಿದೆ ಎಂದು ಅರ್ಥ. ಈಡು ಸಿಡಿದಾಗ ಆ ಬೆಚ್ಚು ಒದೆತದಲ್ಲಿ ಮುಚ್ಚಿಹೋಗುತ್ತದೆ, ಖಾಲಿ ಮನೆ ಅದನ್ನು ತೋರಿಸಿಕೊಡುತ್ತದೆ. ನಳಿಗೆ ಅಲುಗದೆ ನಿಲ್ಲುವವರೆಗೂ ಸ್ಪೆಷಲ್ ತೋಟಾದಲ್ಲೇ ಇರಲಿ. ನಿಂತ ಮೇಲೆ ಮ್ಯಾಗ್ನಮ್, ಅದೂ ದಿನಕ್ಕೆ ಹತ್ತು ಹನ್ನೆರಡು ಈಡು ಸಾಕು. ಹ್ಯಾಮರ್ ಹಿಂದಕ್ಕೆಳೆದು ಹೊಡೆದರೆ ಟ್ರಿಗರ್ ಹಗುರ, ಗುರಿ ಚೆನ್ನಾಗಿ ಬೀಳುತ್ತದೆ. ಆದರೆ ಪೊದೆಯಿಂದ ಕರಡಿ ನುಗ್ಗಿದರೆ ಹ್ಯಾಮರ್ ಎಳೆಯುವ ವ್ಯವಧಾನ ಎಲ್ಲಿ ಸಿಕ್ಕೀತು? ಹ್ಯಾಮರ್ ಮುಟ್ಟದೆ ಬರೀ ಟ್ರಿಗರ್ ಎಳೆದು ಹೊಡೆಯುವುದನ್ನೇ ಹೆಚ್ಚು ಅಭ್ಯಾಸ ಮಾಡಬೇಕು. ಕಿವಿಗೆ ಒಳಗೊಂದು, ಮೇಲೊಂದು ರಕ್ಷಣೆ. ನನ್ನ ಎಡಗಿವಿಯಲ್ಲಿ ಇವತ್ತಿಗೂ ಜೀರುಂಡೆ ಕೂಗುತ್ತದೆ. ಒಂದೇ ಒಂದು ದಿನ ಬರಿಗಿವಿಯಲ್ಲಿ ಹೊಡೆದದ್ದಕ್ಕೆ.

“ಗುಂಡು ಯಾವ ತರದ್ದು ಅಂತಲೂ ಕೇಳಿದ್ಲು.”

ಗಟ್ಟಿ ಎರಕದ ಸೀಸದ್ದು, ಚಪ್ಪಟೆ ಮೂತಿಯದು. ಮನುಷ್ಯರಿಂದ ರಕ್ಷಣೆಗೆಂದು ಮಾರುವ, ತಾಗಿದ ಕೂಡಲೇ ಅರಳುವ ಗುಂಡು ಕರಡಿಯ ಭುಜದಲ್ಲೇ ನಿಂತುಬಿಡುತ್ತದೆ.

ಇಷ್ಟೆಲ್ಲ ಹೇಳಿದವನು ಇದನ್ನೂ ಹೇಳಿದೆ: ರಿವಾಲ್ವರ್ ಎರಡನೆಯದು, ಮೊದಲನೆಯದು ಕರಡಿ ಸ್ಪ್ರೇ. ಮೆಣಸಿನ ಸತ್ವ ತುಂಬಿದ ಡಬ್ಬಿ. ಕರಡಿ ಸಂಶೋಧಕ ಟಾಮ್ ಸ್ಮಿತ್ ಮತ್ತು ಸಂಗಡಿಗರು ಅಲಾಸ್ಕಾದ ಘಟನೆಗಳನ್ನು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದ್ದರಲ್ಲಿ, ಸ್ಪ್ರೇ ಹೊಡೆದಾಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಕಂದು ಕರಡಿ ಹಿಂದೆ ಸರಿದಿತ್ತು. 2012ರಲ್ಲಿ ಬಂದೂಕಿನ ಘಟನೆಗಳನ್ನು ನೋಡಿದಾಗ ಕೈಬಂದೂಕು ಫಲಿಸಿದ್ದು ನೂರಕ್ಕೆ 84. ಉದ್ದ ಕೋವಿ ಇನ್ನೂ ಕಡಿಮೆ, 76. ಬಂದೂಕಿನದ್ದು ಕೆಟ್ಟ ಲೆಕ್ಕವಲ್ಲ, ಆದರೆ ಹೆದರಿದ ಕೈಗೆ ಅಗಲವಾಗಿ ಹರಡುವ ಮೋಡವೇ ಸುಲಭ. ಸ್ಪ್ರೇಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಇಳಿದ ಊರಿನಲ್ಲೇ ಕೊಳ್ಳಬೇಕು. ಇನ್ನು ಜೀವ ಉಳಿಸಿಕೊಳ್ಳಲು ಕರಡಿಯನ್ನು ಕೊಂದದ್ದೇ ಆದರೆ ಕಥೆ ಅಲ್ಲಿಗೆ ಮುಗಿಯದು. ಉಗುರು ಸಮೇತ ಚರ್ಮ, ತಲೆಬುರುಡೆ ಬಿಡಿಸಿ ರಾಜ್ಯದ ಇಲಾಖೆಗೆ ಒಪ್ಪಿಸಬೇಕು, ವರದಿ ಬರೆದು ಕೊಡಬೇಕು. ಆ ಕಾನೂನು ನನಗೆ ತುಂಬ ಹಿಡಿಸಿದ್ದು. ಕೊಂದವನ ಮನೆಗೋಡೆಗೆ ಆ ಚರ್ಮ ಏರುವುದಿಲ್ಲ.

“ಕೈಗೆ ಹಿಡಿಯೋದಕ್ಕೆ ಆಗುತ್ತಾ ಅವಳಿಗೆ? ಸಣ್ಣ ಕೈ ಅವಳದ್ದು,” ಅಂದರು ಮೇಷ್ಟ್ರು. ಅವರ ಕಣ್ಣಿನಲ್ಲಿ ಇನ್ನೂ ಸ್ಲೇಟು ಹಿಡಿದ ಹುಡುಗಿ.

ಅದು ದೊಡ್ಡ ಪ್ರಶ್ನೆಯೇ. .44ರ ಚೌಕಟ್ಟು ದಪ್ಪ. ಹೆಬ್ಬೆರಳು ತೋರುಬೆರಳಿನ ಸಂದಿ ಹಿಡಿಯ ನೆತ್ತಿಗೆ ಸರಿಯಾಗಿ ಕೂತು, ನಳಿಗೆ ಮುಂಗೈಗೆ ನೇರವಾಗಿ ನಿಂತು, ಆಗ ತೋರುಬೆರಳು ಟ್ರಿಗರ್ ಮೇಲೆ ಪೂರಾ ಬರಬೇಕು. ತಲುಪದೆ ಕೈ ತಿರುಚಿ ಹಿಡಿದರೆ ಒದೆತವೆಲ್ಲ ಹೆಬ್ಬೆರಳಿನ ಗಂಟಿಗೆ ಬೀಳುತ್ತದೆ. ಅವಳ ಅಂಗೈ ಅಳತೆ ಗೊತ್ತಿದ್ದರೆ ಅಂದಾಜು ಹೇಳಬಹುದು ಅಂದೆ.

ಎರಡು ದಿನ ಮೇಷ್ಟ್ರು ಬೇಲಿಯ ಕಡೆ ಕಾಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಸುರುಳಿ ಸುತ್ತಿದ ಹಾಳೆ ಹಿಡಿದು ಬಂದರು. ಮಗಳು ಗ್ರಾಫ್ ಕಾಗದದ ಮೇಲೆ ಕೈಯಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೋ ಕಳಿಸಿದ್ದಳಂತೆ. ಫೋಟೋದಲ್ಲಿ ಅಳತೆ ತಪ್ಪುತ್ತದೆ ಅಂತ ಇವರು ಚೌಕ ಚೌಕ ಎಣಿಸಿ, ಇನ್ನೊಂದು ಗ್ರಾಫ್ ಹಾಳೆಯ ಮೇಲೆ ಅದೇ ಗಾತ್ರದ ಕೈ ಬರೆದಿದ್ದರು. ಬೇಲಿಗಲ್ಲಿನ ಮೇಲೆ ಹಾಳೆ ಹರಡಿ ಅದರ ಮೇಲೆ ನನ್ನ ಕೈ ಇಟ್ಟೆ. ಅಂಗೈ ನನ್ನದಕ್ಕಿಂತ ಕಿರಿದು. ತೋರುಬೆರಳು ನನ್ನಷ್ಟೇ ಉದ್ದ.

“ತಲುಪುತ್ತೆ ಮೇಷ್ಟ್ರೇ. ಮರದ ಹಿಡಿ ತೆಗೆಸಿ ರಬ್ಬರಿನದ್ದು ಹಾಕಿಸ್ಲಿಕ್ಕೆ ಹೇಳಿ.”

ಅವರು ಬಗ್ಗಿ ಆ ಪೆನ್ಸಿಲ್ ಬೆರಳನ್ನು ಇನ್ನೊಮ್ಮೆ ಎಣಿಸಿದರು. “ಎಂಟು ಚೌಕ,” ಅಂದರು. “ಇಷ್ಟು ಉದ್ದ ಯಾವಾಗ ಆಯ್ತು ಮಾರಾಯ್ರೇ ಇದು.”