ಬಣ್ಣ ಬಯಲು ಮಾಡದ ಸಿಳ್ಳಾರ

ಮಳೆಗಾಲದಲ್ಲಿ ಮೊದಲ ಸಲ ಮಲೆನಾಡಿನ ಹೋಮ್‌ಸ್ಟೇಗೆ ಬಂದವರು ಬೆಳಗಿನ ಕಾಫಿಗೂ ಮುಂಚೆ ಒಂದು ದೂರು ತರುತ್ತಾರೆ: "ನಿಮ್ಮ ತೋಟದಲ್ಲಿ ಕತ್ತಲಲ್ಲೇ ಸಿಳ್ಳೆ ಹೊಡ್ಕೊಂಡು ಓಡಾಡೋನು ಯಾರ್ರೀ?"

"ಅದು ಹಕ್ಕಿ ಮಾರಾಯ್ರೆ" ಎಂದರೆ ನಂಬುವುದಿಲ್ಲ. ನಂಬದಿದ್ದರೆ ತಪ್ಪೂ ಅಲ್ಲ. ಸಿಳ್ಳಾರದ ಹಾಡಿಗೆ ಪಲ್ಲವಿ ಇಲ್ಲ, ಚರಣ ಇಲ್ಲ. ಹಾಡು ಅರ್ಧ ಮರೆತ ಹುಡುಗ ಶಾಲೆಯ ದಾರಿಯಲ್ಲಿ ನೆನಪಾದಷ್ಟನ್ನು ಸಿಳ್ಳೆಯಲ್ಲಿ ಮುಗಿಸಿದ ಹಾಗೆ, ಏರುತ್ತದೆ, ಇಳಿಯುತ್ತದೆ, ಇನ್ನೇನು ರಾಗ ಸಿಕ್ಕಿತು ಅನ್ನುವಾಗ ಕೈಬಿಡುತ್ತದೆ.

ಪಕ್ಷಿವೀಕ್ಷಕರ ಬಾಯಲ್ಲಿ ಇದು ಮಲಬಾರ್ ವಿಸ್ಲಿಂಗ್ ಥ್ರಶ್. 1831ರಲ್ಲಿ ವೈಜ್ಞಾನಿಕ ಹೆಸರಿಡುವಾಗ ಹಾಡಿದವರಿಗಿಂತ ಮ್ಯೂಸಿಯಂ ನೋಡಿಕೊಂಡವರಿಗೇ ಮಾನ ಸಂದಿತು: ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಗ್ರಹಾಲಯದಲ್ಲಿದ್ದ ಥಾಮಸ್ ಹಾರ್ಸ್‌ಫೀಲ್ಡ್ ಹೆಸರು ಪಶ್ಚಿಮಘಟ್ಟದ ಹಕ್ಕಿಗೆ ಅಂಟಿತು. ಬಹುಕಾಲ ಥ್ರಶ್‌ಗಳ ಪಂಕ್ತಿಯಲ್ಲಿ ಕೂತಿದ್ದ ಇದನ್ನು ಡಿಎನ್‌ಎ ನೋಡಿದವರು ಎಬ್ಬಿಸಿ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹಕ್ಕಿಗೆ ಈ ಸುದ್ದಿ ಮುಟ್ಟಿದಂತಿಲ್ಲ. ಅದು ಏಡಿ, ಬಸವನಹುಳು ಹಿಡಿಯುವುದನ್ನು ಬಿಟ್ಟಿಲ್ಲ.

ಗುರುತಿಸುವುದು ಸುಲಭ, ಬೆಳಕಿದ್ದರೆ. ಹಳ್ಳದ ಬಂಡೆಯ ಮೇಲೆ, ಮರದ ನೆರಳಲ್ಲಿ ಕೂತಾಗ ಬರೀ ಕಪ್ಪು. ಕೊಕ್ಕು, ಕಾಲೂ ಕಪ್ಪೇ. ಯಾವುದೋ ಕರಿಹಕ್ಕಿ ಎಂದು ಬೈನಾಕ್ಯುಲರ್ ಇಳಿಸುವಷ್ಟರಲ್ಲಿ ಅದು ಎರಡು ಕುಪ್ಪಳಿಕೆ ಹಾಕಿ, ಬಾಲ ಬಿಚ್ಚಿ ಮುಚ್ಚಿ, ಎಲೆಸಂದಿನ ಬಿಸಿಲಿಗೆ ಹೆಗಲು ಕೊಡುತ್ತದೆ. ಹಣೆಯ ಪಟ್ಟಿ, ಹೆಗಲು ಧಗ್ಗನೆ ನೀಲಿ! ಆ ಗರಿಗಳಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಮಾಡುವ ಚಮತ್ಕಾರ ಅದು. ಮರಿಗಳಿಗಂತೂ ಹಣೆಯ ಹೊಳಪೂ ಇರದು.

ತಕರಾರು ಇಲ್ಲಿಯೇ. ಹಾಡು ಜೋರಾಗುವುದು ಗೂಡು ಕಟ್ಟುವ ಮಳೆಗಾಲದಲ್ಲಿ, ಅದೂ ನಸುಕಿನಲ್ಲಿ. ಬಣ್ಣ ಕಾಣಬೇಕಾದರೆ ಬಿಸಿಲು ಬೇಕು. ಆಗುಂಬೆಯಲ್ಲಿ ಜುಲೈ ತಿಂಗಳು ಬಿಸಿಲು ಕೇಳುವವರನ್ನು ಊರಿನವರು ಕನಿಕರದಿಂದ ನೋಡುತ್ತಾರೆ.

ಆದರೂ ಛಲ ಬಿಡದವರಿದ್ದಾರೆ. ಲಕ್ಷಾಂತರ ರೂಪಾಯಿಯ ಲೆನ್ಸಿಗೆ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ, ತಾವು ನೆನೆಯುತ್ತ ಕಾಲುಸಂಕದ ಬಳಿ ಕಾಯುತ್ತಾರೆ. ಕೊನೆಗೂ ಮೋಡ ಸರಿಯುತ್ತದೆ. ಸಿಳ್ಳಾರ ಏಡಿಯೊಂದನ್ನು ಬಂಡೆಗೆ ಬಡಿಬಡಿದು ಕಾಲು ಕಳಚಿ, ಬಿಸಿಲಲ್ಲೇ ನಿಂತು ನುಂಗುತ್ತದೆ. ಕ್ಯಾಮೆರಾದವರು ಆಗ ಬಗ್ಗಿ ಪ್ಯಾಂಟು ಮಡಚಿ ಉಂಬಳ ಕೀಳುತ್ತಿರುತ್ತಾರೆ.