ಮಾರಾಣೋ, ಇಡಾಣೋ?

ಬೆಳಿಗ್ಗೆ ಒಂಬತ್ತೂಕಾಲಿಗೆ ಮುಂಬೈಯಲ್ಲಿ ಷೇರುಪೇಟೆ ತೆರೆಯುತ್ತದೆ. ಅದೇ ಹೊತ್ತಿಗೆ ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಷೇರಣ್ಣನ ರಕ್ತದೊತ್ತಡವೂ ತೆರೆಯುತ್ತದೆ. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುತ್ತದೆ. ರಕ್ತದೊತ್ತಡಕ್ಕೆ ಮಾತ್ರ ಮುಚ್ಚುವ ವೇಳೆ ಅಂತೇನಿಲ್ಲ.

ಷೇರಣ್ಣ ಅಂದರೆ ಇಂಥವನೇ ಎಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವವನೊಳಗೆ ಅವನಿದ್ದಾನೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮರೆಗೆ ಮೊಬೈಲು ಹಿಡಿದವನೊಳಗೆ ಇದ್ದಾನೆ. ಟ್ರ್ಯಾಕ್ಟರ್ ಕಂತು ಕಟ್ಟಿ ಉಳಿದ ಮೂರು ಸಾವಿರಕ್ಕೆ ಬ್ಯಾಂಕಿನ ಷೇರು ತಗೊಂಡವನೊಳಗೂ ಇದ್ದಾನೆ. ಇಟ್ಟಿಗಿಯಲ್ಲಿ ಇರುವಂತೆ ಕೂಡ್ಲಿಗಿಯಲ್ಲೂ ಕೊಟ್ಟೂರಲ್ಲೂ ಹರಪನಹಳ್ಳಿಯಲ್ಲೂ ಒಬ್ಬೊಬ್ಬ ಇದ್ದೇ ಇರುತ್ತಾನೆ.

ಅವನನ್ನು ಗುರುತಿಸುವುದು ಸುಲಭ. ಅಂಗಿಯ ಜೇಬಿನಲ್ಲಿ ಮೊಬೈಲು, ಪ್ಯಾಂಟಿನ ಜೇಬಿನಲ್ಲಿ ಚಾರ್ಜರು. ಹೋಟೆಲ್ಲಿಗೆ ಬಂದರೆ ಫ್ಯಾನಿನ ಕೆಳಗಲ್ಲ, ಪ್ಲಗ್ಗಿನ ಪಕ್ಕ ಕೂರುತ್ತಾನೆ. ಮೊಬೈಲ್ ಪರದೆ ಹಸಿರಾಗಿದ್ದರೆ ಬೆಂಚಿನ ಮೇಲಿದ್ದವರಿಗೆಲ್ಲ ಒಗ್ಗರಣಿ, ಮಿರ್ಚಿ, ಮೇಲೊಂದು ಚಹಾ. ಕೆಂಪಾಗಿದ್ದರೆ ಬೈಟು ಚಹಾ, ಅದೂ ಸಾಲದ ಲೆಕ್ಕದಲ್ಲಿ. ಹೀಗಾಗಿ ಹೋಟೆಲ್ಲಿನ ಯಜಮಾನರಿಗೆ ಸೆನ್ಸೆಕ್ಸ್ ತಿಳಿಯಲು ಮೊಬೈಲೇ ಬೇಕಿಲ್ಲ. ಷೇರಣ್ಣ ಹೊಸ್ತಿಲು ದಾಟುವ ರೀತಿ ನೋಡಿಯೇ, "ಏ ತಮ್ಮಾ, ಇವತ್ತು ಮಿರ್ಚಿ ಹಿಟ್ಟು ಕಡಿಮಿ ಕಲಸು" ಎಂದು ಒಳಗೆ ಕೂಗಿ ಹೇಳುತ್ತಾರೆ.

ಈ ತಳಿ ಹೆಚ್ಚಾದದ್ದು 2020ರ ಲಾಕ್‌ಡೌನ್‌ನಲ್ಲಿ. ಆ ವರ್ಷ ಮಾರ್ಚ್ 23ರ ಒಂದೇ ದಿನ ಸೆನ್ಸೆಕ್ಸ್ 3,934 ಅಂಶ ಕುಸಿದಿತ್ತು. ಕುಸಿದದ್ದು ನಿಧಾನಕ್ಕೆ ಮೇಲೆದ್ದಿತು. ಮನೆಯಲ್ಲಿ ಕೂತವರ ಕೈಯಲ್ಲಿ ಕೆಲಸವಿರಲಿಲ್ಲ, ಮೊಬೈಲಿತ್ತು. ಆಧಾರ್, ಪ್ಯಾನ್ ಕಾರ್ಡುಗಳ ಫೋಟೊ ಹಾಕಿದರೆ ಖಾತೆ ತೆರೆಯುತ್ತಿತ್ತು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆರೋಧಾದಂಥ ಕಂಪನಿಗಳು ಷೇರು ದಲ್ಲಾಳಿಯನ್ನು ಆಗಲೇ ಮೊಬೈಲಿನೊಳಗೆ ತಂದು ಕೂರಿಸಿದ್ದವು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು ಐದು ವರ್ಷದಲ್ಲಿ 19 ಕೋಟಿ ದಾಟಿದವು. ಅದರಲ್ಲಿ ಷೇರಣ್ಣನದೊಂದು. ಅವನ ಹೆಂಡತಿಯದೂ ಒಂದು; ಅದರ ಕಥೆ ಮುಂದೆ ಬರುತ್ತದೆ.

ಪೇಟೆ ನೆಟ್ಟಗೆ ಏರುವಾಗ ಷೇರಣ್ಣ ಯಾರನ್ನೂ ಏನೂ ಕೇಳುವುದಿಲ್ಲ. ಆಗ ಅವನು ಹೇಳುವವನು. "ಕಂಪನಿ ಫಂಡಮೆಂಟಲ್ ನೋಡಬೇಕ್ರಿ," "ಲಾಂಗ್ ಟರ್ಮ್ ಇಡಬೇಕ್ರಿ" ಎಂದು ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಪಾಠ ಮಾಡುತ್ತಾನೆ. ಪೇಟೆ ಜೋಲಿ ಹೊಡೆದ ದಿನ ಅವನು ಕೇಳುವವನಾಗುತ್ತಾನೆ. ಕೇಳುವುದು ಒಂದೇ ಪ್ರಶ್ನೆ: "ಮಾರಾಣೋ, ಇಡಾಣೋ?"

2025ರ ಏಪ್ರಿಲ್ 7, ಸೋಮವಾರ. ಅಮೆರಿಕದ ಅಧ್ಯಕ್ಷ ಟ್ರಂಪ್ 2ನೇ ತಾರೀಕು ಸುಂಕ ಘೋಷಿಸಿದ್ದರು. ಅದರ ಬಿಸಿ ತಟ್ಟಿ ಅಂದು ಬೆಳಿಗ್ಗೆ ಸೆನ್ಸೆಕ್ಸ್ 3,900 ಅಂಶಕ್ಕೂ ಹೆಚ್ಚು ಕೆಳಗೆ ಹೋಯಿತು. ಷೇರಣ್ಣ ಮೊದಲು ಹೋದದ್ದು ಅಡತಿ ಅಂಗಡಿಗೆ.

"ಸಾವ್ಕಾರ್ರ, ಮಾರಾಣೋ ಇಡಾಣೋ?"

"ಏನ್ ಮೆಕ್ಕಿಜೋಳನೇನಪಾ?"

"ಅಲ್ರೀ, ಷೇರು."

"ಹಂಗಾರ ಮಾರು. ಕಣ್ಣಿಗೆ ಕಾಣಲಾರದ್ದು ಎಷ್ಟು ದಿನ ಇಟ್ಟರೇನು?"

ಅಲ್ಲಿಂದ ನಿವೃತ್ತ ಮೇಷ್ಟ್ರ ಮನೆಗೆ. ಅವರು ಪೇಪರು ಮಡಿಸಿಟ್ಟು, "ಇಡಪ್ಪ, ದೇಶದ ಮೇಲೆ ನಂಬಿಕೆ ಇರಲಿ" ಎಂದರು. ಮೇಷ್ಟ್ರ ಹಣ ಇದ್ದದ್ದು ಅಂಚೆ ಕಚೇರಿಯಲ್ಲಿ. ಮೂರನೆಯವರು ಎಲ್‌ಐಸಿ ಏಜೆಂಟರು. ಅವರು ಎರಡೂ ಬೇಡ, ಹೊಸ ಪಾಲಿಸಿ ಮಾಡಿಸು ಎಂದರು. ನಾಲ್ಕನೆಯದು ವಾಟ್ಸಾಪ್ ಗುಂಪು. ಅಲ್ಲಿ ಒಬ್ಬ ತಜ್ಞ ಹತ್ತೂವರೆಗೆ 'ಮಾರಿ' ಎಂದು, ಹನ್ನೊಂದಕ್ಕೆ 'ಹೇಳಿರಲಿಲ್ಲವೇ?' ಎಂದು, ಹನ್ನೊಂದೂವರೆಗೆ 'ಕೊಳ್ಳಲು ಸುವರ್ಣಾವಕಾಶ' ಎಂದು ಹಾಕಿದ್ದ. ಐದನೆಯವರು ಹೋಟೆಲ್ಲಿನ ಯಜಮಾನರು.

"ಅಣ್ಣಾ, ನೀವೇ ಹೇಳ್ರಿ."

"ಮೊದಲು ಹಳೇ ಬಾಕಿ ಕೊಡು, ಆಮ್ಯಾಲೆ ಹೇಳ್ತೀನಿ."

ಕಡೆಗೆ ಷೇರಣ್ಣ ಅರ್ಧ ಮಾರಿದ, ಅರ್ಧ ಇಟ್ಟುಕೊಂಡ. ಎಲ್ಲರ ಮಾತನ್ನೂ ನಡೆಸಿದಂತಾಯಿತು. ಅಂದು ಪೇಟೆ ಮುಚ್ಚುವಾಗ ನಷ್ಟ 2,226 ಅಂಶಕ್ಕೆ ಇಳಿದಿತ್ತು. 9ರಂದು ಟ್ರಂಪ್ ಬಹುಪಾಲು ಸುಂಕಕ್ಕೆ ತೊಂಬತ್ತು ದಿನ ತಡೆ ಕೊಟ್ಟರು. 15ರಂದು ಸೆನ್ಸೆಕ್ಸ್ ಸುಂಕ ಘೋಷಣೆಯ ದಿನದ ಮಟ್ಟವನ್ನೂ ದಾಟಿ ನಿಂತಿತು. ಷೇರಣ್ಣ ಹೋಟೆಲ್ಲಿಗೆ ಬಂದು ಘೋಷಿಸಿದ: "ಇಟ್ಟಿದ್ದು ನನ್ನ ಲೆಕ್ಕಾಚಾರ. ಮಾರಿದ್ದು ಸಾವ್ಕಾರ್ರ ಮಾತು ಕೇಳಿ."

ಇಲ್ಲೇ ಷೇರಣ್ಣನ ಗುಟ್ಟು ಇರುವುದು. ಅವನು ಊರೆಲ್ಲ ತಿರುಗಿ ಕೇಳುವುದು ಸಲಹೆಯನ್ನಲ್ಲ, ಹೊಣೆ ಹೊರುವವರನ್ನು. ಲಾಭವಾದರೆ ಅವನ ತಲೆ, ನಷ್ಟವಾದರೆ ನಿಮ್ಮ ನಾಲಿಗೆ. ಹೊಣೆ ಹೊರಲು ಜನ ಸಿಕ್ಕಷ್ಟೂ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಊರವರ ಸರದಿ ಮುಗಿದ ಮೇಲೆ ಟಿವಿಯವರ ಸರದಿ.

ಟಿವಿಯವರ ವಿಷಯದಲ್ಲಿ ಹಡಗಲಿ ತಾಲ್ಲೂಕಿನವರು ಮೋಸ ಹೋಗಬಾರದಿತ್ತು. ಭವಿಷ್ಯ ಹೇಗೆ ನುಡಿಯಬೇಕು, ಹೇಗೆ ಕೇಳಬೇಕು ಎಂಬುದು ನಮಗೆ ತಲೆತಲಾಂತರದಿಂದ ಗೊತ್ತು. ಭರತ ಹುಣ್ಣಿಮೆಯ ಹೊತ್ತಿಗೆ ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, 'ಸದ್ದಲೇ' ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಸಾಲು ನುಡಿದು 'ಪರಾಕ್' ಎನ್ನುತ್ತಾನೆ. ಅದರಲ್ಲಿ ರೈತರು ಮಳೆ ಕಾಣುತ್ತಾರೆ, ರಾಜಕಾರಣಿಗಳು ಕುರ್ಚಿ ಕಾಣುತ್ತಾರೆ, ಈಗೀಗ ಷೇರಣ್ಣ ನಿಫ್ಟಿ ಕಾಣುತ್ತಾನೆ. ವರ್ಷಕ್ಕೆ ಒಂದು ಸಾಲು, ಅದೂ ಹೊಟ್ಟೆಗೆ ಅನ್ನವಿಲ್ಲದೆ. ಟಿವಿಯವರು ಹೊಟ್ಟೆ ತುಂಬ ಉಂಡು ಹದಿನೈದು ನಿಮಿಷಕ್ಕೊಂದು ಕಾರ್ಣಿಕ ನುಡಿಯುತ್ತಾರೆ. ಇನ್ನೂ ಒಂದು ವ್ಯತ್ಯಾಸವಿದೆ. ಗೊರವಯ್ಯ ನುಡಿದ ಮೇಲೆ ತಾನೇ ಕೆಳಗೆ ಬೀಳುತ್ತಾನೆ, ಹಿಡಿಯಲು ಕೆಳಗೆ ಭಕ್ತರಿರುತ್ತಾರೆ. ಟಿವಿಯವರು ನುಡಿದ ಮೇಲೆ ಕೇಳಿದವರು ಬೀಳುತ್ತಾರೆ, ಹಿಡಿಯಲು ಯಾರೂ ಇರುವುದಿಲ್ಲ.

2024ರ ಜೂನ್‌ನಲ್ಲಿ ಹೀಗೇ ಆಯಿತು. ಟಿವಿಯಲ್ಲಿ ಬಂದ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆ ನಂಬಿ 3ನೇ ತಾರೀಕು ಸೆನ್ಸೆಕ್ಸ್ 2,507 ಅಂಶ ಹಾರಿತು. ಷೇರಣ್ಣ ಅಂದೇ ಕೊಂಡ. ಮರುದಿನ ಮತ ಎಣಿಕೆಯಾಗುವಾಗ 4,389 ಅಂಶ ಬಿತ್ತು. ಅಂದೇ ಮಾರಿದ. 7ನೇ ತಾರೀಕಿಗೆ ಪೇಟೆ 3ರ ಮಟ್ಟಕ್ಕಿಂತ ಮೇಲೆ ಹೋಗಿ ಕೂತಿತು. ಆ ವಾರವಿಡೀ ಹೊಲದಲ್ಲಿ ಬಿತ್ತನೆ ಮಾಡಿಕೊಂಡು ಮೊಬೈಲು ಮುಟ್ಟದಿದ್ದವನಿಗೆ ಏನೂ ಆಗಿರಲಿಲ್ಲ. ಷೇರಣ್ಣನ ಸಿಟ್ಟು ಸರ್ಕಾರದ ಮೇಲಾಗಲಿ ಪೇಟೆಯ ಮೇಲಾಗಲಿ ಇರಲಿಲ್ಲ, ಸಮೀಕ್ಷೆಯವರ ಮೇಲಿತ್ತು. ಅವರೂ ಅವನ ಹೊಣೆಗಾರರ ಪಟ್ಟಿಗೆ ಸೇರಿದರು.

ಬೆಲೆ ಬೀಳುವುದು ಈ ಸೀಮೆಗೆ ಹೊಸದಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ರೈತರು ರೊಚ್ಚಿಗೆದ್ದು ಎಪಿಎಂಸಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮಾಡಿದ್ದು ತಪ್ಪೇ, ಆದರೆ ಸಿಟ್ಟು ಹೊತ್ತು ಹೋಗಲು ಅವರಿಗೊಂದು ಮಾರುಕಟ್ಟೆಯಾದರೂ ಇತ್ತು. ಷೇರಣ್ಣ ಎಲ್ಲಿಗೆ ನುಗ್ಗಬೇಕು? ಅವನ ಮಾರುಕಟ್ಟೆ ಅವನದೇ ಅಂಗೈಯಲ್ಲಿದೆ, ಒಡೆದರೆ ಮೊಬೈಲಿನ ಗಾಜು ಅವನದೇ.

ಅವನ ಅಪ್ಪ ಈ ದರದಾಟದಲ್ಲಿ ಕೂದಲು ನೆರೆಸಿಕೊಂಡವರು. ಉಳ್ಳಾಗಡ್ಡಿ ಬೆಳೆದು, ಲಾರಿಗೆ ಹೇರಿ, ಬಾಡಿಗೆಯೂ ಹುಟ್ಟದೆ ಬರಿಗೈಲಿ ಬಂದ ವರ್ಷಗಳುಂಟು. ಅದೇ ಉಳ್ಳಾಗಡ್ಡಿಯಲ್ಲಿ ಮನೆಗೆ ಸ್ಲ್ಯಾಬು ಹಾಕಿಸಿದ ವರ್ಷವೂ ಉಂಟು. ಏಪ್ರಿಲ್ 7ರ ರಾತ್ರಿ ಮಗನ ಮುಖ ನೋಡಿ ಕೇಳಿದರು:

"ನಿನ್ನ ಷೇರು ಕೊಳೀತೈತೇನು?"

"ಇಲ್ಲಪಾ."

"ಮೊಳಕಿ ಒಡೀತೈತೇನು?"

"ಇಲ್ಲ."

"ಇಡಾಕ ಗೋಡೌನ್ ಬಾಡಗಿ?"

"ವರ್ಷಕ್ಕ ಒಂದೀಟು ಚಾರ್ಜ್ ಹಿಡಕೊಂತಾರ."

"ಮತ್ಯಾಕ ಕಾಲು ಸುಟ್ಟ ಬೆಕ್ಕಿನಂಗ ಅಡ್ಡಾಡ್ತಿ? ನನ್ನ ಉಳ್ಳಾಗಡ್ಡಿ ಕೊಳೀತಾವ, ಅದಕ್ಕ ಬಿದ್ದ ರೇಟಿಗೆ ಕೊಡ್ತೀನಿ. ನಿನಗೇನಾಗೈತಿ?"

ಷೇರಣ್ಣ ಉತ್ತರ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಸಂಗತಿ ಹೊರಬೀಳುತ್ತಿತ್ತು. ಕೊಳೆಯುವ ಷೇರುಗಳೂ ಇರುತ್ತವೆ, ಅವನ ಖಾತೆಯಲ್ಲಿಯೇ ಇವೆ. ಯಾರೋ ಪುಣ್ಯಾತ್ಮ ಟಿಪ್ಸ್ ಕೊಟ್ಟನೆಂದು ಎಂಟು ರೂಪಾಯಿಗೆ ಕೊಂಡ ಒಂದು ಷೇರು ಈಗ ಎಪ್ಪತ್ತು ಪೈಸೆಯಲ್ಲಿದೆ. ಅದನ್ನು ಮಾತ್ರ ಅವನು ಮಾರುವುದಿಲ್ಲ, "ಅಸಲು ಬರಲಿ, ಕೊಡ್ತೀನಿ" ಅನ್ನುತ್ತಾನೆ. ಗಟ್ಟಿ ಬ್ಯಾಂಕಿನ ಷೇರು ಹತ್ತು ರೂಪಾಯಿ ಏರಿದರೆ ಅಂದೇ ಮಾರಿ ಮಿರ್ಚಿ ಹಂಚುತ್ತಾನೆ. ಒಳ್ಳೆಯ ಗಡ್ಡೆ ಅಗ್ಗಕ್ಕೆ ಕೊಟ್ಟು ಕೊಳೆತದ್ದನ್ನು ಮೆದೆ ಹಾಕಿ ಕಾಯುವ ಈ ಒಕ್ಕಲುತನವನ್ನು ಅಪ್ಪ ಕಂಡಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು.

ಇನ್ನು ಹೆಂಡತಿಯ ಖಾತೆಯ ಕಥೆ. 2022ರ ಮೇ ತಿಂಗಳಲ್ಲಿ ಎಲ್‌ಐಸಿ ಷೇರು ಬಂತು. ಬೆಲೆ 949 ರೂಪಾಯಿ, ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ. ಇಬ್ಬರ ಹೆಸರಲ್ಲೂ ಪಾಲಿಸಿ ಇದ್ದವು. ರಿಯಾಯಿತಿ ಬಿಡಬಾರದೆಂದು ಷೇರಣ್ಣ ಹೆಂಡತಿಗೂ ಡಿಮ್ಯಾಟ್ ಖಾತೆ ತೆರೆಸಿ, ಇಬ್ಬರಿಗೂ ಒಂದೊಂದು ಲಾಟು ಹಾಕಿದ. ಲಾಟಿಗೆ 15 ಷೇರು, 13,335 ರೂಪಾಯಿ. ಪೇಟೆಗೆ ಬಂದ ಮೊದಲ ದಿನವೇ ಷೇರು 900ರ ಕೆಳಗಿಳಿಯಿತು. 2023ರ ಮಾರ್ಚ್‌ನಲ್ಲಿ 550ರ ಆಚೀಚೆ ಓಲಾಡುವಾಗ ಷೇರಣ್ಣ ತನ್ನ ಹದಿನೈದನ್ನೂ ಮಾರಿ ಏಜೆಂಟರ ಜತೆ ಕೆಲಕಾಲ ಮಾತು ಬಿಟ್ಟ. ಹೆಂಡತಿಯವನ್ನೂ ಮಾರುತ್ತಿದ್ದ, ಪಾಸ್‌ವರ್ಡ್ ನೆನಪಾಗಲಿಲ್ಲ.

ಒಂದು ದಿನ ಆಕೆ ರೊಟ್ಟಿ ತಟ್ಟುತ್ತಾ ಕೂಗಿದಳು: "ರೀ, ನನ್ನ ಖಾತೆಗೆ ಯಾರೋ 45 ರೂಪಾಯಿ ಹಾಕ್ಯಾರ, ಮೆಸೇಜ್ ಬಂದೈತಿ. ಯಾರವು ನೋಡ್ರಿ, ತಿರುಗಿ ಕೊಡೋಣು." ಅದು ಷೇರಿಗೆ 3 ರೂಪಾಯಿಯಂತೆ ಬಂದ ಲಾಭಾಂಶ. 2024ರ ಫೆಬ್ರುವರಿಯಲ್ಲಿ ಅದೇ ಷೇರು ಸಾವಿರ ದಾಟಿತು. ಷೇರಣ್ಣ ಎರಡು ದಿನ ಊಟ ಬಿಟ್ಟ. ಮರುವರ್ಷ ಮಾರ್ಚ್‌ನಲ್ಲಿ ಅದು ಮತ್ತೆ 800ರ ಕೆಳಗೆ ಬಂದಾಗ ಹೊಟ್ಟೆ ತುಂಬ ಉಂಡ. ಆಕೆಗೆ ಏರಿದ್ದೂ ಗೊತ್ತಿಲ್ಲ, ಇಳಿದದ್ದೂ ಗೊತ್ತಿಲ್ಲ. 45 ರೂಪಾಯಿ ಯಾರವು ಎಂಬ ಅನುಮಾನ ಮಾತ್ರ ಈಗಲೂ ಇದೆ.

ಇಷ್ಟರಲ್ಲೇ ಇದ್ದಿದ್ದರೆ ಷೇರಣ್ಣ ನಗೆಯ ವಿಷಯ. ಕೆಲವು ಷೇರಣ್ಣಂದಿರು ಫ್ಯೂಚರ್, ಆಪ್ಷನ್ ಆಟಕ್ಕೆ ಇಳಿಯುತ್ತಾರೆ. ವಾರದೊಳಗೆ ದುಪ್ಪಟ್ಟು ಎಂಬ ಆಸೆ ಅಲ್ಲಿ ಕೂತಿದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಬಿಚ್ಚಿಟ್ಟಿತು. ಮೂರು ವರ್ಷಗಳಲ್ಲಿ ಈ ಆಟವಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರು. ಒಟ್ಟು ಕಳೆದದ್ದು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಹೋಟೆಲ್ಲಿನಲ್ಲಿ ಯಾರೋ ಓದಿ ಹೇಳಿದಾಗ ಷೇರಣ್ಣ ಮಿರ್ಚಿ ಮುರಿಯುತ್ತಾ, "ನೋಡ್ರಿ ಮತ್ತ, ಏಳು ಮಂದಿ ಗೆದ್ದಾರಲ್ಲ" ಎಂದ. ಬೆಂಚಿನ ಮೇಲಿದ್ದವರ ಪೈಕಿ ಯಾರೂ ನಗಲಿಲ್ಲ. ಯಜಮಾನರು ಮಾತ್ರ ಬಾಕಿ ಪುಸ್ತಕ ತೆರೆದರು.

ಓದುಗರೇ, ನಿಮ್ಮೂರಲ್ಲೂ ಷೇರಣ್ಣ ಇದ್ದಾನೆ. ಪೇಟೆ ಹೊಯ್ದಾಡುವ ದಿನ ಖಂಡಿತ ನಿಮ್ಮ ಮನೆಗೂ ಬರುತ್ತಾನೆ. ಚಹಾ ಕೊಡಿ, ಚಾರ್ಜರಿಗೆ ಪ್ಲಗ್ಗೂ ಕೊಡಿ. ಯಾವಾಗ ಬೇಕಾಗುವ ದುಡ್ಡು ಅದರಲ್ಲಿ ಹಾಕಿದ್ದೀ, ಯಾತಕ್ಕೆ ಕೊಂಡಿದ್ದೀ ಎಂದು ಬೇಕಾದರೆ ಕೇಳಿ. ಅವನ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಡಿ. ಮಾರು ಅಂದರೂ ಇಡು ಅಂದರೂ ನಷ್ಟ ನಿಮ್ಮ ಹೆಸರಿಗೇ ಬರೆದಿರುತ್ತದೆ.