ಸದಸ್ಯರಿಗೆ ಮಾತ್ರ ತೊಗರಿಬೇಳೆ

ನ್ಯಾಮತಿಯ ಕಿರಾಣಿ ಅಂಗಡಿಯವರಿಗೆ ವ್ಯಾಪಾರ ಬರುವುದಿಲ್ಲ. ಅಪ್ಪನ ಕಾಲದಿಂದ ತಕ್ಕಡಿ ಹಿಡಿದು ಕೂತಿದ್ದಾರೆ, ಆದರೂ ಬುದ್ಧಿ ಬೆಳೆದಿಲ್ಲ. ಯಾರು ದುಡ್ಡು ತಂದರೂ ಸಾಮಾನು ಕಟ್ಟಿಕೊಡುತ್ತಾರೆ. ದುಡ್ಡು ತರದಿದ್ದರೆ ಉದ್ರಿ ಪುಸ್ತಕದಲ್ಲಿ ಬರೆದುಕೊಂಡು ಕಟ್ಟಿಕೊಡುತ್ತಾರೆ. ಜೊತೆಗೆ ಬಂದ ಮಗುವಿನ ಕೈಗೆ ಒಂದು ಪೆಪ್ಪರ್‌ಮಿಂಟು ಬೇರೆ. ಇಂಥವರು ಉದ್ಧಾರವಾಗುವುದುಂಟೇ?

ಅಮೆಜಾನಿನಂತೆ ಉದ್ಧಾರವಾದವರನ್ನು ನೋಡಿ ಕಲಿಯಬೇಕು. ಅವರು ಸಾಮಾನಿನ ಚಿತ್ರ ತೋರಿಸುತ್ತಾರೆ, ಬೆಲೆ ತೋರಿಸುತ್ತಾರೆ, ನಿಮ್ಮ ಬಾಯಲ್ಲಿ ನೀರು ಬಂದ ಮೇಲೆ ಕೆಳಗೊಂದು ಸಾಲು ತೋರಿಸುತ್ತಾರೆ: ‘ಪ್ರೈಮ್ ಸದಸ್ಯರಿಗೆ ಮಾತ್ರ’. ಜೇಬಿನಲ್ಲಿ ದುಡ್ಡಿದ್ದರೆ ಸಾಲದು. ಕೊಳ್ಳುವ ಯೋಗ್ಯತೆಯನ್ನು ಮೊದಲು ಕೊಂಡುಕೊಳ್ಳಬೇಕು. ಈ ವಿದ್ಯೆ ನ್ಯಾಮತಿ ಪೇಟೆಗೆ ಬಂದ ದಿನ ಹೀಗಾದೀತು:

“ಸಾವ್ಕಾರ್ರೆ, ಒಂದು ಕೆಜಿ ತೊಗರಿಬ್ಯಾಳೆ ಕೊಡ್ರಿ.”

“ನೀವು ಮೆಂಬರ್ರೇನಕ್ಕ?”

“ಎದುರು ಓಣಿಯೋಳು ಕಣ್ರೀ. ನಿಮ್ಮ ಮಗಳ ಮದ್ವೆಗೆ ಹೋಳಿಗೆ ತಟ್ಟಿದ್ದು ಮರ್ತು ಹೋಯ್ತಾ?”

“ಅದೆಲ್ಲ ಖರೆ ಅಕ್ಕ. ಆದ್ರೆ ಈ ಬ್ಯಾಳೆ ಮೆಂಬರ್‌ಗಳಿಗೆ ಮಾತ್ರ. ವರ್ಷಕ್ಕೆ ಸಾವಿರದ ನಾನ್ನೂರ ತೊಂಬತ್ತೊಂಬತ್ತು ಕಟ್ಟಿದ್ರೆ ಕೊಡಬಹುದು. ಕಟ್ಟಲ್ಲ ಅಂದ್ರೆ ಆ ಮೂಲೇಲಿ ನುಸಿ ಹಿಡಿದದ್ದೈತೆ, ನೋಡ್ರಿ.”

“ಅಷ್ಟು ಕಟ್ಟಿದ್ರೆ ಬ್ಯಾಳೆ ಪುಕ್ಕಟೆನಾ?”

“ಬ್ಯಾಳೆ ದುಡ್ಡು ಬ್ಯಾರೆ ಅಕ್ಕ. ಇದು ಬ್ಯಾಳೆ ಕೇಳೋಕೆ ಕೊಡೋ ದುಡ್ಡು.”

ಮುಂದಿನದನ್ನು ಬರೆಯಬೇಕಾಗಿಲ್ಲ. ನ್ಯಾಮತಿ ಬೇರೆ ತಾಲ್ಲೂಕಾಗುವ ಮೊದಲು ಹೊನ್ನಾಳಿಯೊಳಗೇ ಇದ್ದ ಊರು, ಹೊನ್ನಾಳಿ ಹೊಡೆತದ ಖ್ಯಾತಿ ಈ ಸೀಮೆಯಲ್ಲಿ ಕೇಳದವರಿಲ್ಲ. ಸಾಹುಕಾರರು ಸಂಜೆಯೊಳಗೆ ಬೋರ್ಡು ಇಳಿಸುತ್ತಾರೆ. ಆದರೆ ಅದೇ ಅಕ್ಕನ ಮಗ ಅದೇ ಸಂಜೆ ಜಗಲಿಯ ಮೇಲೆ ಕೂತು, ಮೊಬೈಲಿನಲ್ಲಿ ಅದೇ ಶರತ್ತಿಗೆ ಹೆಬ್ಬೆರಳು ಒತ್ತಿ, ಗೆಳೆಯರಿಗೆ “ನಾನು ಪ್ರೈಮ್ ಕಣೋ” ಎನ್ನುತ್ತಾನೆ. ಎದುರಿಗಿರುವವನು ಕೇಳಿದರೆ ಸುಲಿಗೆ, ಕಾಣದವನು ಕೇಳಿದರೆ ಗೌರವ.

ದುಡ್ಡು ಕೊಟ್ಟು ಅಂಗಡಿಯೊಳಗೆ ಹೋಗುವ ಈ ಆಲೋಚನೆ ಹೊಸದೇನೂ ಅಲ್ಲ. ಸೋಲ್ ಪ್ರೈಸ್ ಎಂಬಾತ 1976ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ಹಳೆಯದೊಂದು ವಿಮಾನದ ಶೆಡ್ಡಿನಲ್ಲಿ, ಪ್ರೈಸ್ ಕ್ಲಬ್ ತೆರೆದ. ವರ್ಷಕ್ಕೆ 25 ಡಾಲರ್ ಕೊಟ್ಟವರಿಗಷ್ಟೇ ಬಾಗಿಲು. 2003ರಲ್ಲಿ ಬೆಂಗಳೂರಿಗೆ ಬಂದ ಮೆಟ್ರೊ ಮಳಿಗೆಯಲ್ಲೂ ವ್ಯಾಪಾರಿಗಳ ಕಾರ್ಡಿದ್ದವರಿಗಷ್ಟೇ ಪ್ರವೇಶ. ಆದರೆ ಅವರು ಬಾಗಿಲಲ್ಲೇ ತಡೆಯುತ್ತಿದ್ದರು, ಅಷ್ಟು ಮರ್ಯಾದೆ ಇತ್ತು. ಒಳಗೆ ಕರೆದು, ಕೂರಿಸಿ, ಎಲೆ ಹಾಕಿ, ಹೋಳಿಗೆ ತೋರಿಸಿ, ಪಕ್ಕದವರ ಎಲೆಗೆ ಬಡಿಸಿಕೊಂಡು ಹೋಗುವ ಸೊಗಸು ಬಂದದ್ದು ಆನ್‌ಲೈನ್ ಕಾಲದಲ್ಲಿ. 2016ರಲ್ಲಿ ಅಮೆರಿಕದ ಅಮೆಜಾನಿನಲ್ಲಿ ಕೆಲವು ವಿಡಿಯೊ ಗೇಮುಗಳೂ ಸಿನಿಮಾ ಡಿಸ್ಕುಗಳೂ ಇದ್ದಕ್ಕಿದ್ದಂತೆ ಪ್ರೈಮ್ ಸದಸ್ಯರಿಗೆ ಮೀಸಲಾದವು. ಕಳ್ಳತನವೇ ಕಥೆಯಾಗಿರುವ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಅವುಗಳಲ್ಲೊಂದು. ಯಾರಾದರೂ ಬೇಕೆಂದೇ ಆರಿಸಿದ್ದರೋ ಏನೋ.

ಅದೇ ವರ್ಷ ಜುಲೈನಲ್ಲಿ ಪ್ರೈಮ್ ಭಾರತಕ್ಕೆ ಬಂತು. ವರ್ಷಕ್ಕೆ ಬರೀ 499 ರೂಪಾಯಿ. ಮೊದಲ ತುತ್ತಿಗೆ ತುಪ್ಪ ಜಾಸ್ತಿ ಇರುತ್ತದೆ. ಆಮೇಲೆ 999 ಆಯಿತು. 2021ರ ಡಿಸೆಂಬರಿನಲ್ಲಿ 1,499. ಹಬ್ಬದ ಸೇಲು ಬಂದರೆ ಸದಸ್ಯರಿಗೆ ಮೊದಲ ಪಂಕ್ತಿ, ಉಳಿದವರಿಗೆ ಎರಡನೆಯದು. ಪಂಕ್ತಿಭೇದದ ವಿರುದ್ಧ ನಾಟಕ ಆಡಿದ, ಭಾಷಣ ಮಾಡಿದ ನಾಡು ಇದು. ಅದಕ್ಕೆ ‘ಅರ್ಲಿ ಆ್ಯಕ್ಸೆಸ್’ ಎಂದು ಹೆಸರಿಟ್ಟಿದ್ದೇ ತಡ, ಯಾರಿಗೂ ಹೊಟ್ಟೆ ಉರಿಯಲಿಲ್ಲ. ಪಂಕ್ತಿ ಎಂದ ಮೇಲೆ ಒಳಪಂಗಡ ಬೇಡವೇ? ಪ್ರೈಮ್ ಲೈಟ್ ಬಂತು, ಶಾಪಿಂಗ್ ಎಡಿಷನ್ ಬಂತು. ಅತ್ತ ಫ್ಲಿಪ್‌ಕಾರ್ಟಿನವರು 2018ರಲ್ಲಿ ಪುಕ್ಕಟೆ ‘ಪ್ಲಸ್’ ಕೊಟ್ಟು ರುಚಿ ಹತ್ತಿಸಿ, 2023ರಲ್ಲಿ ದುಡ್ಡಿನ ವಿಐಪಿ, 2025ರಲ್ಲಿ ‘ಬ್ಲ್ಯಾಕ್’ ತಂದರು. ಸಿನಿಮಾ ಟಾಕೀಸಿನ ಮುಂದೆ ಬ್ಲ್ಯಾಕಿನಲ್ಲಿ ಟಿಕೆಟ್ ಮಾರುತ್ತಿದ್ದ ಹುಡುಗರನ್ನು ಪೊಲೀಸರು ಸುಮ್ಮನೆ ಅಟ್ಟಾಡಿಸಿದರು ಪಾಪ.

ಸದಸ್ಯನಾದ ಮೇಲೂ ನೆಮ್ಮದಿಯಿಲ್ಲ. 2025ರ ಜೂನ್ 17ರಿಂದ ಪ್ರೈಮ್ ವಿಡಿಯೊದಲ್ಲಿ ಸಿನಿಮಾದ ನಡುವೆ ಜಾಹೀರಾತು ಬರತೊಡಗಿತು. ಜಾಹೀರಾತು ಬೇಡ ಅನ್ನುವವರು ತಿಂಗಳಿಗೆ ಇನ್ನೂ 129 ಕಟ್ಟಬೇಕು. ನೀವು ಯಾವುದಕ್ಕೆ ದುಡ್ಡು ಕೊಟ್ಟಿದ್ದಿರೋ ಅದನ್ನು ತೆಗೆದಿಟ್ಟು, ಅದನ್ನೇ ಮತ್ತೆ ನಿಮಗೆ ಮಾರುವುದು! ನ್ಯಾಮತಿ ಸಾಹುಕಾರರಿಗೆ ಏಳೇಳು ಜನ್ಮಕ್ಕೂ ಇದು ಹೊಳೆಯುತ್ತಿರಲಿಲ್ಲ.

ಇನ್ನು ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ವಿಚಾರ. ಶುಲ್ಕ ದೇಶಕ್ಕೆಲ್ಲ ಒಂದೇ. ಬೆಂಗಳೂರಿನ ಜಯನಗರಕ್ಕೂ 1,499, ಜಗಳೂರಿಗೂ 1,499. ಆದರೆ ಒಂದೇ ದಿನದಲ್ಲಿ ತಲುಪಿಸುವ ಭಾಗ್ಯ ‘ಅರ್ಹ ಪಿನ್‌ಕೋಡ್‌ಗಳಿಗೆ’ ಮಾತ್ರ ಎಂದು ಶರತ್ತಿನಲ್ಲಿದೆ. ದುಡ್ಡು ಕೊಡಲು ಎಲ್ಲ ಪಿನ್‌ಕೋಡೂ ಅರ್ಹ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. 1997ರಲ್ಲಿ ಎಲ್ಲವನ್ನೂ ಎತ್ತಿ ದಾವಣಗೆರೆ ಜಿಲ್ಲೆಗೆ ಹಾಕಿದರು. ಪಿನ್‌ಕೋಡ್ ಮಾತ್ರ ತವರು ಬಿಟ್ಟು ಬರಲಿಲ್ಲ: ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223, ಜಗಳೂರು 577528. ಜಾತಿ ಕೇಳುವುದು ಅಸಭ್ಯವಾದ ಮೇಲೆ ಆರಂಕಿಯ ಈ ಸಂಖ್ಯೆ ಕೇಳಿದರೆ ಆಯಿತು, ನಿಮಗೆ ಎಷ್ಟು ಮರ್ಯಾದೆ ಕೊಡಬೇಕೆಂದು ಎದುರಿನವರಿಗೆ ತಿಳಿಯುತ್ತದೆ.

ಜಗಳೂರಿನವರಿಗೆ ಕಾಯುವುದೇನೂ ಕಷ್ಟವಲ್ಲ ಬಿಡಿ. ಭದ್ರಾ ಮೇಲ್ದಂಡೆ ನೀರಿಗೆ ಕಾದು ಕಾದು ಅಭ್ಯಾಸವಾಗಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು, ಅಂದರೆ ಸಾಮಾನು ಕಾರ್ಟಿಗೆ ಬಿತ್ತು. ‘ಔಟ್ ಫಾರ್ ಡೆಲಿವರಿ’ ಎಂಬ ಸಂದೇಶಕ್ಕೆ ಕಾಯುತ್ತಿದ್ದಾರೆ.

“ಸದಸ್ಯರಿಗೆ ಮಾತ್ರ ಅನ್ನುವುದು ನಿಮ್ಮ ಸೊಸೈಟಿಯಲ್ಲೂ ಇಲ್ಲವೇನ್ರಿ?” ಎಂದು ಬುದ್ಧಿವಂತರೊಬ್ಬರು ಕೇಳಿದರು. ಇದೆಯಲ್ಲ! ಐದು ಲಕ್ಷದವರೆಗಿನ ಬಡ್ಡಿರಹಿತ ಬೆಳೆಸಾಲ ಸಿಗುವುದು ಸಹಕಾರ ಸಂಘದ ಸದಸ್ಯರಿಗೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಕಾಲದಿಂದಲೂ ಅದು ಹಾಗೇ. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಅದೂ ಸಹಕಾರಿ ಸದಸ್ಯರಿಗೆ ಮಾತ್ರವೇ ಇತ್ತು. ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗುತ್ತಿತ್ತು. ಈಗ 1,499 ಕಟ್ಟಿದರೆ ಹೆಡ್‌ಫೋನು ಒಂದು ದಿನ ಮೊದಲು ಬರುತ್ತದೆ.

ಅದಿರಲಿ, ಸಂಘದ ಸದಸ್ಯನ ದರ್ಬಾರು ನೋಡಬೇಕಾದರೆ ಸರ್ವಸದಸ್ಯರ ಸಭೆಗೆ ಹೋಗಬೇಕು. ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರಿಗೆ ತುಮ್ಕೋಸ್ ಎಂಬ ಸಹಕಾರ ಸಂಘ ಇದೆ. ಅದರ ಆಡಳಿತ ಮಂಡಳಿಯ ಚುನಾವಣೆ ಎಂದರೆ ವಿಧಾನಸಭೆ ಚುನಾವಣೆಯೂ ಸಪ್ಪೆ. ತೀರ ಸಣ್ಣ ಹಳ್ಳಿಯ ಸೊಸೈಟಿಯಲ್ಲೂ ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಜಮಾ-ಖರ್ಚು ಓದಿ, ಉಪ್ಪಿಟ್ಟು ಕೊಡುತ್ತಾರೆ. ಗುಂಟೆ ಜಮೀನಿನವನೂ ಎದ್ದು ನಿಂತು, “ಅಧ್ಯಕ್ಷರೆ, ಕಳೆದ ವರ್ಷ ಗೋಡೌನಿನ ಬಣ್ಣಕ್ಕೆ ಬರೆದಿರೋ ಖರ್ಚಲ್ಲಿ ಎರಡು ಗೋಡೌನ್ ಕಟ್ಟಬಹುದಿತ್ತಲ್ರಿ” ಎನ್ನುತ್ತಾನೆ. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾರೆ. ಕಾರ್ಯದರ್ಶಿ ಇನ್ನೊಮ್ಮೆ ಲೆಕ್ಕ ಓದುತ್ತಾನೆ. ಸಂಘಗಳೆಲ್ಲ ಸಾಚಾ ಎಂದು ನಾನು ಹೇಳಲಾರೆ, ದುಡ್ಡು ನುಂಗಿದವರ ಪಟ್ಟಿ ಉದ್ದವಿದೆ. ಆದರೆ ನುಂಗಿದವನ ಮನೆ ಯಾವ ಓಣಿಯಲ್ಲಿದೆ ಎಂದು ಊರಿಗೆ ಗೊತ್ತಿರುತ್ತದೆ.

ಪ್ರೈಮ್ ಸದಸ್ಯರ ಮಹಾಸಭೆಯನ್ನು ಚನ್ನಗಿರಿಯಲ್ಲಿ ಕರೆಯಬೇಕೆಂದು ನನ್ನ ಸಲಹೆ. ಸೂಳೆಕೆರೆ ಏರಿಯ ಮೇಲೆ ಜಾಗ ಬೇಕಾದಷ್ಟಿದೆ. ಮೊದಲ ವಿಷಯ: 499 ಹೇಗೆ 1,499 ಆಯಿತು, ಯಾವ ಸಭೆಯ ಯಾವ ಠರಾವಿನ ಪ್ರಕಾರ? ಎರಡನೆಯದು: ಜಗಳೂರಿನ ಸದಸ್ಯರಿಗೆ ತಡವಾದ ದಿನಗಳ ಲೆಕ್ಕದಲ್ಲಿ ಶುಲ್ಕ ವಾಪಸಾತಿ. ಮೂರನೆಯದು: ಸದಸ್ಯತ್ವ ಬಿಡುವವರ ಗತಿ.

ಮೂರನೆಯದೇ ಮುಖ್ಯ. ಸೇರಲು ಒಂದು ಬಟನ್ ಸಾಕು, ಬಿಡಲು ಚಕ್ರವ್ಯೂಹ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೂಡಿದ ದಾವೆಯಲ್ಲಿ ಗುಟ್ಟೊಂದು ಹೊರಬಿತ್ತು: ಸದಸ್ಯತ್ವ ರದ್ದು ಮಾಡುವ ಹಾದಿಗೆ ಅಮೆಜಾನಿನ ಒಳಗಿನವರು ‘ಇಲಿಯಡ್’ ಎಂದು ಹೆಸರಿಟ್ಟಿದ್ದರು. ಟ್ರಾಯ್ ಯುದ್ಧದ ಉದ್ದಾನುದ್ದ ಗ್ರೀಕ್ ಮಹಾಕಾವ್ಯ. ಸಾಹಿತ್ಯಾಭಿರುಚಿ ಮೆಚ್ಚಬೇಕು. 2025ರ ಸೆಪ್ಟೆಂಬರಿನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಚಂದಾ ಬಲೆ ಅದರಲ್ಲೊಂದು. ಪಟ್ಟಿ ಅಚ್ಚುಕಟ್ಟಾಗಿದೆ, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು.

ನಮ್ಮೂರ ಗೊಬ್ಬರದಂಗಡಿಗಳು ಮಾತ್ರ ಆ್ಯಪ್ ಇಲ್ಲದೆಯೇ ಈ ವಿದ್ಯೆ ಕಲಿತವು. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ಹಾಹಾಕಾರವಾದಾಗ 45 ಕೆಜಿ ಚೀಲಕ್ಕೆ ಸರ್ಕಾರದ ಬೆಲೆ 266 ರೂಪಾಯಿ ಚಿಲ್ಲರೆ. ಆದರೆ ಬರೀ ಯೂರಿಯಾ ಕೇಳಿದರೆ “ಸ್ಟಾಕ್ ಇಲ್ಲ ಯಜಮಾನ್ರೆ”. ಜೊತೆಗೆ ನ್ಯಾನೊ ಬಾಟಲಿಯನ್ನೋ, ಹೆಸರೇ ಕೇಳದ ಪೋಷಕಾಂಶದ ಪೊಟ್ಟಣವನ್ನೋ ‘ಲಿಂಕ್’ ತೆಗೆದುಕೊಂಡರೆ ಸ್ಟಾಕ್ ಹುಟ್ಟುತ್ತಿತ್ತು. ಹೀಗೆ ಲಿಂಕ್ ಮಾಡಕೂಡದೆಂದು ಆದೇಶವಿದೆ. ಆದೇಶ ಇರುವುದರಿಂದಲೇ ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯುತ್ತಾರೆ.

ಹಾಗೆ ಬೆಳೆದ ಮೆಕ್ಕೆಜೋಳ ಅದೇ ವರ್ಷ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400, ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಎಲ್ಲರೂ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಮಾರುತ್ತಿರುವಾಗ ರೈತನೇಕೆ ಸುಮ್ಮನಿರಬೇಕು? ಜಗಳೂರಿನ ರೈತನೊಬ್ಬ ಮೆಕ್ಕೆಜೋಳದ ರಾಶಿಯ ಮೇಲೆ ರಟ್ಟಿನ ಬೋರ್ಡು ನೆಟ್ಟನೆಂದು ಇಟ್ಟುಕೊಳ್ಳಿ: ‘ಸದಸ್ಯರಿಗೆ ಮಾತ್ರ’. ಖರೀದಿದಾರ ಬಂದು, ಬೋರ್ಡು ಓದಿ, ಒಂದು ಹಿಡಿ ಕಾಳು ಅಂಗೈಗೆ ಸುರಿದುಕೊಂಡು ಊದುತ್ತಾನೆ.

“ಎಷ್ಟಪ್ಪ ನಿನ್ನ ಮೆಂಬರ್‌ಶಿಪ್ಪು?”

“ಸಾವಿರದ ನಾನ್ನೂರ ತೊಂಬತ್ತೊಂಬತ್ತು ಸಾವ್ಕಾರ್ರೆ.”

“ಆಗ್ಲಿ ಬಿಡು, ತೂಕದಾಗೆ ಮುರ್ಕೋತೀನಿ.”